ಮೌನವ್ರತ ಹಿಡಿದ ಕಪ್ಪೆ

ಮಗಳಿಗೆಂದು, ಆಟ ಬರೆಯುವ ಪೈಥಾನ್ ಸಲಕರಣೆಯಾದ ಪೈಗೇಮ್‌ನಲ್ಲಿ ಕಪ್ಪೆಯಾಟ ಬರೆಯಲು ಕೂತೆ. ಮೊದಲು ಕಪ್ಪೆಯ ಗಂಟಲು ಪರೀಕ್ಷೆ: ನಾಲ್ಕೇ ಸಾಲು. ಓಡಿಸಿದೆ, ‘ವಟರ್’ ಇಲ್ಲ, ತಪ್ಪಿನ ಒಂದು ಸಂದೇಶವೂ ಇಲ್ಲ. ಬೈಯುವ ಪ್ರೋಗ್ರಾಮನ್ನು ನಂಬಬಹುದು, ಸುಮ್ಮನಿರುವುದನ್ನಲ್ಲ!

ತಲೆ ಕೆರೆದಾಗ ಹೊಳೆಯಿತು. ‘ಪ್ಲೇ’ ಎಂಬ ಆದೇಶ ಸದ್ದು ಮುಗಿಯುವವರೆಗೆ ಕಾಯುವುದಿಲ್ಲ. ಅಪ್ಪಣೆ ಕೊಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಮುಂದೆ ಸಾಲೇ ಇಲ್ಲದಿದ್ದರೆ ಪ್ರೋಗ್ರಾಮೇ ಮುಕ್ತಾಯ. ಭಾಗವತರು ಬಾಯಿ ತೆರೆಯುವಷ್ಟರಲ್ಲಿ ರಂಗಸ್ಥಳದ ದೀಪ ಆರಿದಂತೆ.

ಮುಗಿಯದೆ ಓಡುತ್ತಲೇ ಇರುವ ಆಟದೊಳಗೆ ಸದ್ದನ್ನು ಸೇರಿಸಿದೆ. ಸದ್ದು ಬಂತು, ಆದರೆ ಕಪ್ಪೆ ನೆಗೆದು ಎಷ್ಟೋ ಹೊತ್ತಿನ ಮೇಲೆ! ಹಳೆಯ ಉದಾಹರಣೆಯೊಂದರಿಂದ ಸದ್ದಿನ 4096 ಮಾದರಿಗಳನ್ನು ತುಂಬಿಕೊಂಡೇ ನುಡಿಸುವ ಬಫರನ್ನು ಕಣ್ಣುಮುಚ್ಚಿ ನಕಲು ಮಾಡಿದ್ದೆ. ಸೆಕೆಂಡಿಗೆ 22050 ಮಾದರಿಗಳ ವೇಗದಲ್ಲಿ ಅದೊಂದೇ ಸುಮಾರು 0.19 ಸೆಕೆಂಡಿನ ಸರಕು. ವೇಗ 44100, ಬಫರು 512 ಎಂದು ತಿದ್ದಿದೆ; ಸುಮಾರು 0.012 ಸೆಕೆಂಡಿಗೆ ಇಳಿಯಿತು. ನೆಗೆತಕ್ಕೂ ಸದ್ದಿಗೂ ತಾಳ ಕೂಡಿತು.

ಜಂಬದಿಂದ ಮಗಳನ್ನು ಕರೆದೆ. ಮತ್ತೆ ಮೌನ! ಫೈಲು, ಚಾನೆಲ್, ಮಿಕ್ಸರ್ ಎಲ್ಲ ಜಾಲಾಡಿದೆ. ಅವಳು ಬಂದು ಒಂದೇ ಗುಂಡಿ ಒತ್ತಿದಳು.

“ಅಪ್ಪಾ, ಅಮ್ಮ ‘ಏನದು ಗದ್ದಲ’ ಅಂದಾಗ ಮ್ಯೂಟ್ ಮಾಡಿದ್ದು ನೀನೇ ಅಲ್ವಾ?”

ಕಪ್ಪೆ ವಟಗುಟ್ಟಿತು. ಈಗ ಮೌನವ್ರತ ನನ್ನದು.