ದಮಯಂತಿಗೇನು ಗೊತ್ತು ನಮ್ಮ ಕಷ್ಟ

ನಮ್ಮ ಮನೆಯವರು ನಿವೃತ್ತರಾದ ಮರುವಾರವೇ ಅಡುಗೆಮನೆಗೆ ವರ್ಗವಾಗಿ ಬಂದರು. ಚಾರ್ಜ್ ಕೊಟ್ಟವಳು ನಾನು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಸೌಟನ್ನು ಅವರ ಕೈಗಿಟ್ಟವಳೇ ಹಾಲಿಗೆ ಬಂದು ಫ್ಯಾನಿನ ಕೆಳಗೆ ಕೂತುಬಿಟ್ಟೆ. ಆವತ್ತಿನಿಂದ ಅವರ ಅಡುಗೆಯ ಬಗ್ಗೆ ನಾನಾಡುವ ಮಾತೆಲ್ಲ ಅಳೆದು ತೂಗಿದ್ದು. ನೋಡಿದವರು ‘ಎಂಥ ಅನ್ಯೋನ್ಯ’ ಎನ್ನುತ್ತಾರೆ. ಅನ್ಯೋನ್ಯವೂ ಇಲ್ಲ, ಮಣ್ಣೂ ಇಲ್ಲ. ಅವರು ಮುನಿಸಿಕೊಂಡು ಸೌಟು ಕೆಳಗಿಟ್ಟರೆ ಎತ್ತಿಕೊಳ್ಳಬೇಕಾದವಳು ನಾನು. ಆ ಭಯ ಅಷ್ಟೇ.

ಹಾಗಾಗಿ ಹೊಗಳುತ್ತೇನೆ. ಆದರೆ ಹೊಗಳಿಕೆಗೂ ಹದ ಬೇಕು. ಒಂದು ಸಲ ಹಾಗಲಕಾಯಿ ಗೊಜ್ಜನ್ನು ಸ್ವಲ್ಪ ಉತ್ಸಾಹದಿಂದಲೇ ಮೆಚ್ಚಿಬಿಟ್ಟೆ. ಆಮೇಲೆ ಅನ್ನಕ್ಕೆ ಗೊಜ್ಜು, ಚಪಾತಿಗೆ ಗೊಜ್ಜು, ದೋಸೆಗೂ ಗೊಜ್ಜು. ಭಾನುವಾರ ನಾದಿನಿ ಬಂದಾಗ, “ನಿನ್ನ ಅತ್ತಿಗೆಗೆ ಇದು ಅಂದ್ರೆ ಪ್ರಾಣ” ಎನ್ನುತ್ತಾ ನನ್ನ ತಟ್ಟೆಗೇ ಮೊದಲು ಸುರಿದರು. ಹಾಗಂತ ಹೊಗಳಿಕೆ ಕಡಿಮೆಯಾದರೆ, “ಹಾಗಾದ್ರೆ ನಾಳೆಯಿಂದ ನೀನೇ ಮಾಡು.”

ಅವರಿಗೆ ಈಗ ಪಾಕಶಾಸ್ತ್ರದ ಇತಿಹಾಸವೆಲ್ಲ ಬಾಯಿಪಾಠ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲೇ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ಬಗ್ಗೆ ಬರೆದನಂತೆ, ಮೂರನೆಯ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ಎಂದು ಪದ್ಯ ಕಟ್ಟಿದನಂತೆ, ವಿರಾಟನ ಪಾಕಶಾಲೆಯಲ್ಲಿ ಸೌಟು ಹಿಡಿದವನು ಭೀಮನಂತೆ. ಇರಬಹುದು. ಆದರೆ ಉಪ್ಪು ಜಾಸ್ತಿಯಾಯಿತು ಎಂದು ಚಕ್ರವರ್ತಿಗೆ ಹೇಳುವವರು ಯಾರು? ಭೀಮನಿಗಂತೂ ಬೇಡವೇ ಬೇಡ.

ಪುರಾಣದಲ್ಲಿ ನನ್ನ ಪಕ್ಷದವಳು ಎಂದರೆ ದಮಯಂತಿ. ಬಾಹುಕನ ವೇಷದಲ್ಲಿದ್ದ ನಳ ಬೇಯಿಸಿದ ಮಾಂಸವನ್ನು ದಾಸಿ ಕೇಶಿನಿಯ ಕೈಲಿ ತರಿಸಿ, ಬಾಯಿಗಿಟ್ಟೊಡನೆ ಇದು ಗಂಡನದೇ ಕೈ ಎಂದು ಗುರುತು ಹಿಡಿದಳು. ಅದೇನು ಮಹಾ! ನಮ್ಮವರು ಯಾವ ವೇಷದಲ್ಲಿ ಯಾವ ಊರಿನಲ್ಲಿದ್ದರೂ ಒಂದು ಚಮಚ ಹುಳಿ ಕೊಡಿ, ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯುತ್ತೇನೆ. ಮೆಂತ್ಯ ಸೀದಿರುತ್ತದೆ.

ಕಡಲೆಬೇಳೆ ಕೆಂಪಗಾಗುವ ಹೊತ್ತಿಗೆ ಮೆಂತ್ಯ ಕರಿಯಾಗಿರುತ್ತದೆ. ಅದಕ್ಕೇ ಅದನ್ನು ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಸೀದರೆ ಅಚ್ಚು ಬೆಲ್ಲ ಹಾಕಿದರೂ ಕಹಿ ಹೋಗದು. ನಮ್ಮವರದು ಸಮಾನತೆಯ ಪಕ್ಷ: ಬೇಳೆ, ಕೊತ್ತಂಬರಿ, ಮೆಂತ್ಯ ಎಲ್ಲವೂ ಒಂದೇ ಬಾಣಲೆಗೆ, ಒಂದೇ ಸಲಕ್ಕೆ. ಇದನ್ನು ನೇರವಾಗಿ ಹೇಳುವ ಎದೆಗಾರಿಕೆ ನನಗೆಲ್ಲಿಂದ ಬರಬೇಕು? “ಈ ಸಲದ ಮೆಂತ್ಯವೇ ಯಾಕೋ ಕಹಿ ಕಣ್ರೀ” ಎಂದು ಅಂಗಡಿಯವನ ತಲೆಗೆ ಕಟ್ಟಿದೆ. ಮರುದಿನವೇ ಬಸ್ಸು ಹತ್ತಿ ಗಾಂಧಿ ಬಜಾರಿಗೆ ಹೋಗಿ ಒಂದು ಕೆಜಿ ‘ಒಳ್ಳೇ ಮೆಂತ್ಯ’ ತಂದರು. ಒಳ್ಳೇದಲ್ಲವೇ, ಇನ್ನೂ ಚೆನ್ನಾಗಿ ಹುರಿದರು.

ಮೆಣಸಿನಕಾಯಿಯ ಕತೆಯೂ ಹೀಗೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಬಣ್ಣವನ್ನು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಅದು ಮುಗಿದಿತ್ತೆಂದು ಲೆಕ್ಕಕ್ಕೆ ಲೆಕ್ಕ ಗುಂಟೂರು ಮೆಣಸಿನಕಾಯಿ ಹಾಕಿದರು. ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ಧಾರಾಕಾರ.

“ಯಾಕೇ, ಏನಾಯ್ತು?”

“ಅತ್ತೆಯವರ ಕೈರುಚಿ ನೆನಪಾಯ್ತು” ಎಂದೆ.

ಅವರ ಕಣ್ಣೂ ತುಂಬಿತು. ಅಮ್ಮನಿಗಾಗಿಯೋ ಗುಂಟೂರಿಗಾಗಿಯೋ ನಾನು ಕೇಳಲಿಲ್ಲ. ಖಾರದ ಸತ್ವ ನೀರಿಗೆ ಕರಗದು, ಜಿಡ್ಡಿಗೆ ಕರಗುತ್ತದೆ. ಹಾಗಾಗಿ ಇಬ್ಬರೂ ಮಾತಿಲ್ಲದೆ ಅರ್ಧ ಡಬ್ಬಿ ತುಪ್ಪ ಖಾಲಿ ಮಾಡಿದೆವು. ಅದಕ್ಕೀಗ ‘ಅಮ್ಮನ ಹುಳಿ’ ಎಂದು ಹೆಸರು. ಹಬ್ಬಹುಣ್ಣಿಮೆಗೆ ತಪ್ಪುವುದಿಲ್ಲ.

ಮೊನ್ನೆ ಅವರಿಗೆ ಜ್ವರ ಬಂದು ನಾನೇ ಒಲೆಯ ಮುಂದೆ ನಿಲ್ಲಬೇಕಾಯಿತು. ಮೆಂತ್ಯವನ್ನು ಹೊಂಬಣ್ಣಕ್ಕೆ ಹುರಿದು, ಶಾಸ್ತ್ರೋಕ್ತವಾಗಿ ಹುಳಿ ಮಾಡಿ ಬಡಿಸಿ, ಪಾಠ ಕಲಿಯಲಿ ಎಂದು ಎದುರಿಗೇ ಕೂತೆ. ಒಂದು ತುತ್ತು ತಿಂದು, ಮುಖ ಎತ್ತದೆ ಹೇಳಿದರು: “ಘಮವೇ ಇಲ್ಲ. ಮೆಂತ್ಯ ಸರಿಯಾಗಿ ಹುರಿದಿಲ್ಲ ನೀನು.”

ಇಷ್ಟು ದಿನ ಬೆಣ್ಣೆ ಹಚ್ಚಿ ಮಾತಾಡಿದವಳು ನಾನು. ಆ ಮನುಷ್ಯನಿಗೆ ಒಂದು ‘ಪರವಾಗಿಲ್ಲ’ ಎನ್ನಲೂ ಆಗಲಿಲ್ಲ. ನಾನೋ, ತಟ್ಟೆ ಎತ್ತಿಕೊಂಡು ಹೋಗಿ ರಾತ್ರಿಯವರೆಗೆ ಮಾತು ಬಿಟ್ಟೆ. ಜ್ವರ ಇಳಿದ ಕೂಡಲೇ ಅವರು ಬಾಣಲೆ ಇಟ್ಟರು. ಹುಳಿ ಎಂದಿನಂತೆ ಕಹಿ. “ಹೇಗಿದೆ?” ಎಂದರು. “ಅಮೃತ” ಎಂದೆ.

ಓದುಗರಲ್ಲಿ ಯಾರಾದರೂ ಮುಖಕ್ಕೆ ಹೊಡೆದಂತೆ ಮಾತಾಡುವವರಿದ್ದರೆ ದಯವಿಟ್ಟು ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬನ್ನಿ. ಮೆಂತ್ಯದ ವಿಷಯ ನೀವೇ ಎತ್ತಿ. ನಾನು ಅವರ ಪರ ವಹಿಸಿ ನಿಮ್ಮ ಮೇಲೆ ಜಗಳಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.