ಪಿಕಪ್‌ರಾಜಮಾರ್ಗ: ಬಡಿತ, ಎಳೆತ ಮತ್ತು ಹೊರೆಯ ಮೀಮಾಂಸೆ

ಪೀಠಿಕೆ

ಈಗಿನ ಸೇಡಂ ತಾಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯಿದ್ದ 9ನೇ ಶತಮಾನದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ರಚಿಸಿದ. ಅದರ ಮೊದಲ ಪರಿಚ್ಛೇದ ದೋಷಾದೋಷಗಳನ್ನು, ಎರಡನೆಯದು ಶಬ್ದಾಲಂಕಾರವನ್ನು, ಮೂರನೆಯದು ಅರ್ಥಾಲಂಕಾರವನ್ನು ವಿಚಾರಿಸುತ್ತದೆ. ಕಾವ್ಯಕ್ಕೆ ಒದಗಿದ ಈ ಭಾಗ್ಯ, ಅದೇ ಮಳಖೇಡದ ಸಿಮೆಂಟ್ ಕಾರ್ಖಾನೆಯ ಮುಂದೆ ಕೆಮ್ಮುತ್ತ ಹಾದುಹೋಗುವ ಮುದಿ ಡೀಸೆಲ್ ಪಿಕಪ್ಪಿಗೆ ಇಂದಿನವರೆಗೆ ಒದಗಲಿಲ್ಲ. ಕವಿಗಳ ದೋಷವನ್ನು ತಿದ್ದಿದ ನಾಡು ಗಾಡಿಗಳ ದೋಷವನ್ನು ಉಸ್ತಾದರ ಕೈಗೆ ಬಿಟ್ಟು ಸುಮ್ಮನಾಯಿತು. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

ಅಧ್ಯಯನಕ್ಕೆ ಆಯ್ದುಕೊಂಡದ್ದು ಒಂದು ಪಿಕಪ್. ಬಣ್ಣ ಬಿಳಿ ಎಂದು ಆರ್‌ಸಿ ಪುಸ್ತಕ ಹೇಳುತ್ತದೆ, ಗಾಡಿ ಹೇಳುವುದಿಲ್ಲ. ನಾಲ್ಕು ಸಿಲಿಂಡರ್, ಹಳೆಯ ಕಾಲದ ಪಂಪು, ಕಂಪ್ಯೂಟರಿನ ಸೋಂಕಿಲ್ಲ. ಮಾಲಕರು ನಾಲ್ವರು ಅಣ್ಣತಮ್ಮಂದಿರು. ತಂದೆಯ ಕಾಲದಿಂದ ಬಂದ ಆಸ್ತಿ. ಶಹಾಬಾದ್ ಹತ್ತಿರದ ಮರತೂರಿನವನೆಂದು ಈ ಸೀಮೆ ಹೆಮ್ಮೆಪಡುವ ವಿಜ್ಞಾನೇಶ್ವರ ತನ್ನ ‘ಮಿತಾಕ್ಷರ’ದಲ್ಲಿ ಪಿತ್ರಾರ್ಜಿತದ ಮೇಲೆ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾಧಿಸಿದ್ದಾನೆ. ಅದರಂತೆ ಬಾಡಿಗೆಯಲ್ಲಿ ನಾಲ್ವರಿಗೂ ಸಮಪಾಲು. ರಿಪೇರಿ ಬಿಲ್ಲು ಬಂದ ದಿನ ಮಾತ್ರ ಗಾಡಿ ಹಿರಿಯಣ್ಣನೊಬ್ಬನದೇ. ಈ ಅಪವಾದವನ್ನು ವಿಜ್ಞಾನೇಶ್ವರ ನಿರೂಪಿಸದೆ ಬಿಟ್ಟದ್ದು ಧರ್ಮಶಾಸ್ತ್ರದ ದೊಡ್ಡ ಲೋಪ.

ರೋಗಲಕ್ಷಣವನ್ನು ಹಿರಿಯಣ್ಣನ ಮಾತಿನಲ್ಲೇ ದಾಖಲಿಸುವುದು ಉಚಿತ: “ಏರಿ ಬಂತಂದ್ರ ಕಟಕಟ ಬಡೀತದ್ರಿ. ಎಳೀಲತ್ತೇ ಇಲ್ಲ. ಪಿಕಪ್ಪಿಗಿ ಪಿಕಪ್ಪೇ ಇಲ್ದಂಗ ಆಗ್ಯಾದ.”

ಪ್ರಥಮ ಪರಿಚ್ಛೇದ: ದೋಷಾದೋಷ ವಿಚಾರ, ಅಥವಾ ಪಂಚಪಂಥಗಳು

ಒಂದೇ ಬಡಿತಕ್ಕೆ ಐದು ಊರುಗಳಲ್ಲಿ ಐದು ಕಾರಣಗಳು ಸಿದ್ಧವಾಗಿವೆ. ಪ್ರತಿ ಪಂಥವೂ ತನ್ನ ಊರಿನ ಕಸುಬಿನಿಂದಲೇ ದರ್ಶನ ಪಡೆದಿರುವುದು ಸಂಶೋಧಕರ ಗಮನಕ್ಕೆ ಬರಬೇಕಾದ ಸಂಗತಿ.

ಸೇಡಂ ಪಂಥ ಗಡಿಯ ಪಂಥ. ತಾಂಡೂರಿನ ದಾರಿ ಹತ್ತಿರವಿರುವುದರಿಂದ ಇಲ್ಲಿ ಎಲ್ಲ ದೋಷವೂ ಹೊರಗಿನಿಂದಲೇ ಬರುತ್ತದೆ. “ಡೀಸೆಲ್ ಎಲ್ಲಿ ಹಾಕ್ಸೀರಿ?” ಎಂಬುದು ಮೊದಲ ಸೂತ್ರ. ಯಾವ ಬಂಕಿನ ಹೆಸರು ಹೇಳಿದರೂ “ಅದಕ್ಕೇ ನೋಡ್ರಿ” ಎಂಬುದು ಎರಡನೆಯದು. ಡೀಸೆಲ್ ಫಿಲ್ಟರ್ ಬಿಚ್ಚಿ, ತಳದ ನೀರನ್ನು ಬಾಟಲಿಗೆ ಹಿಡಿದು, ಮಾಲಕರ ಮುಖಕ್ಕೆ ತೋರಿಸುವುದು ಇವರ ದೀಕ್ಷಾವಿಧಿ.

ಚಿತ್ತಾಪುರ ಪಂಥ ಪಾಂಡಿತ್ಯದ ಪಂಥ. ಪಕ್ಕದ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರ ಕಲಿಸುತ್ತಿದ್ದರೆಂದೂ ಗ್ರಂಥ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದೂ 1058ರ ಶಾಸನ ಸಾರುತ್ತದೆ. ಆ ಪರಂಪರೆಯಲ್ಲಿ ಪೂರ್ವಾಚಾರ್ಯರ ಖಂಡನೆ ಮಾಡದೆ ಯಾರೂ ಪಾನಾ ಮುಟ್ಟುವುದಿಲ್ಲ. “ಇದಕ್ಕ ಮೊದಲ ಯಾರು ಕೈ ಹಾಕ್ಯಾರ? ಟೈಮಿಂಗ್ ಎಲ್ಲಾ ಕೆಡಿಸಿಟ್ಟಾರ.” ಈ ಮಾತಿಗೆ ಪ್ರತಿವಾದವಿಲ್ಲ, ಏಕೆಂದರೆ ಪೂರ್ವಾಚಾರ್ಯರು ಸೇಡಂನಲ್ಲಿದ್ದಾರೆ.

ವಾಡಿ ಪಂಥ ವಾಯುವಾದಿಗಳದು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಇಲ್ಲಿ ಕೂಡಿಕೊಂಡಂದಿನಿಂದ ಹೊಗೆಯೂ, ಆಮೇಲೆ ಸಿಮೆಂಟಿನ ದೂಳೂ ಈ ಊರಿನ ಪಂಚಭೂತಗಳಲ್ಲಿ ಸೇರಿವೆ. ಇವರು ಇಂಜಿನ್ ಮುಟ್ಟುವ ಮೊದಲು ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿಯುತ್ತಾರೆ. ಬೂದು ಪುಡಿ ಉದುರಿದರೆ ಸಿದ್ಧಾಂತ ಸಾಬೀತು. ಉದುರದಿದ್ದರೆ ದೂಳು ಇನ್ನೂ ಒಳಗೆ ಇಳಿದಿದೆ ಎಂದರ್ಥ.

ಶಹಾಬಾದ್ ಪಂಥ ಉತ್ಖನನವಾದಿಗಳದು. ಗಣಿಯಲ್ಲಿ ಫರಸಿಯನ್ನು ಪದರು ಪದರಾಗಿ ಎಬ್ಬಿಸಿ ಅಭ್ಯಾಸವಾದ ಊರು. ಇಂಜಿನ್ನನ್ನೂ ಹಾಗೆಯೇ ಎಬ್ಬಿಸಬೇಕೆಂಬುದು ಮತ. ಹೆಡ್ ಇಳಿಸಿದರೆ ಪಿಸ್ಟನ್ ಕಾಣುತ್ತದೆ, ಪಿಸ್ಟನ್ ಎತ್ತಿದರೆ ಲೈನರ್, ಲೈನರಿನ ಕೆಳಗೆ ಬಿಲ್ಲು. “ಹಾಫ್ ಇಂಜಿನ್ ಮಾಡಿಬಿಡೋಣ್ರಿ” ಎಂದು ಆರಂಭವಾದದ್ದು ಯಾವಾಗಲೂ ಫುಲ್ ಇಂಜಿನ್ನಿನಲ್ಲಿ ಮುಕ್ತಾಯ.

ಚಿಂಚೋಳಿ ಪಂಥ ಗುಡ್ಡದ ಪಂಥ. ಕುಂಚಾವರಂ ಕಡೆಯ ಏರಿಳಿತದಲ್ಲಿ ಬಾಳಿದವರು ಯಂತ್ರವನ್ನು ದೂಷಿಸುವುದಿಲ್ಲ, ಡ್ರೈವರನನ್ನು ದೂಷಿಸುತ್ತಾರೆ. “ಗಾಡಿ ಚಲೋ ಅದ. ಇಂವ ಡೀಸೆಲ್ ಉಳಿಸ್ತೀನಿ ಅಂತ ನಾಲ್ಕನೇ ಗೇರ್ದಾಗೇ ಗುಡ್ಡ ಏರಿಸ್ತಾನ.” ಡ್ರೈವರ್ ಅಲ್ಲೇ ನಿಂತು ಬೀಡಿ ಹಚ್ಚುತ್ತಿರುತ್ತಾನೆ. ಅವನ ಪಕ್ಷವನ್ನು ಮಂಡಿಸುವ ಪಂಥ ಈ ಐದರಲ್ಲಿಲ್ಲ.

ದ್ವಿತೀಯ ಪರಿಚ್ಛೇದ: ಶಬ್ದವಿಚಾರ

ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಯಂತ್ರದ ತತ್ವ ಇಷ್ಟು: ಗಾಳಿಯನ್ನು ಹಿಚುಕಿ ಕಾಯಿಸು, ಕಾದ ಗಾಳಿಗೆ ಎಣ್ಣೆ ಚಿಮ್ಮಿಸು. ಚಿಮ್ಮಿದ ಎಣ್ಣೆ ತಕ್ಷಣ ಹೊತ್ತುವುದಿಲ್ಲ. ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ತಡೆಯುತ್ತದೆ. ತಡ ಸ್ವಲ್ಪವಾದರೆ ಎಣ್ಣೆ ಬಂದಂತೆ ಬಂದಂತೆ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ತಡ ಹೆಚ್ಚಾದರೆ ಕೂಡಿಬಿದ್ದ ಎಣ್ಣೆಯೆಲ್ಲ ಒಮ್ಮೆಲೇ ಹೊತ್ತಿ ಪಿಸ್ಟನ್ನಿನ ತಲೆಗೆ ಗುದ್ದುತ್ತದೆ. ಅದೇ ಬಡಿತ. ನಮ್ಮ ದೇಶದ ಡೀಸೆಲ್ಲಿಗೆ ಕನಿಷ್ಠ 51 ಸೀಟೇನ್ ಸಂಖ್ಯೆ ಕಡ್ಡಾಯ ಮಾಡಿರುವುದು ಈ ತಡವನ್ನು ಹದ್ದಿನಲ್ಲಿಡಲೆಂದೇ. ಕಂಪ್ರೆಷನ್ ಕುಗ್ಗಿದರೆ, ಟೈಮಿಂಗ್ ತೀರ ಮುಂದಾದರೆ, ನಾಜಲ್ ಮಂಜಿನಂತೆ ಸಿಂಪಡಿಸದೆ ಹನಿ ಹನಿ ತೊಟ್ಟಿಕ್ಕಿದರೆ, ಬಂಕಿನ ಡೀಸೆಲ್ ಎಷ್ಟೇ ಶುದ್ಧವಾಗಿದ್ದರೂ ಬಡಿತ ತಪ್ಪದು. ಸ್ವಲ್ಪವೂ ಬಡಿಯದ ಹಳೆಯ ಡೀಸೆಲ್ ಇಂಜಿನ್ ಒಂದೇ: ಬಂದ್ ಮಾಡಿದ್ದು.

ಶಬ್ದಗಳು ನಾಲ್ಕು ಬಗೆ. ಮೊದಲನೆಯದು ಟಿಕಟಿಕ: ಮೇಲಿನಿಂದ ಬರುವ ಹಗುರ ನಾದ, ಟ್ಯಾಪೆಟ್ ಸಂದಿ ಹೆಚ್ಚಾಗಿದೆ, ಫೀಲರ್ ಗೇಜ್ ಹಾಕಿ ಸರಿಪಡಿಸಿದರೆ ಶಾಂತಿ. ಎರಡನೆಯದು ಠಕಠಕ: ಬೆಳಗಿನ ಚಳಿಯಲ್ಲಿ ಕೇಳಿ ಇಂಜಿನ್ ಕಾದಮೇಲೆ ಮಾಯವಾಗುವುದು, ಸವೆದ ಲೈನರಿನಲ್ಲಿ ಪಿಸ್ಟನ್ ಓಲಾಡುತ್ತಿದೆ. ಮೂರನೆಯದು ಕಟಕಟ: ಲೋಡ್ ಹಾಕಿದಾಗ ಚುರುಕಾಗುವುದು, ನಾಜಲ್ ಅಥವಾ ಟೈಮಿಂಗಿನ ಸಂತತಿ. ನಾಲ್ಕನೆಯದು ಧಡಧಡ: ತಳದಿಂದ ಏಳುವ ಗಂಭೀರ ಘೋಷ, ಜೊತೆಗೆ ಆಯಿಲ್ ಪ್ರೆಷರ್ ಇಳಿದಿರುವುದು, ಬಿಗ್ ಎಂಡ್ ಬೇರಿಂಗ್ ಹೋಗಿದೆ. ಇದನ್ನು ಕೇಳಿದವನು ಮೀಮಾಂಸೆ ನಿಲ್ಲಿಸಿ ಇಂಜಿನ್ ನಿಲ್ಲಿಸಬೇಕು, ಇಲ್ಲವಾದರೆ ಕನೆಕ್ಟಿಂಗ್ ರಾಡ್ ಬ್ಲಾಕನ್ನು ಸೀಳಿಕೊಂಡು ಬಂದು ತಾನೇ ಭಾಷ್ಯ ಬರೆಯುತ್ತದೆ.

ಹೊಗೆಯೂ ಪ್ರಮಾಣವೇ. ಕಪ್ಪು ಹೊಗೆಯೆಂದರೆ ಎಣ್ಣೆಗೆ ತಕ್ಕ ಗಾಳಿ ಇಲ್ಲ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ಬಂದರೆ ಎಣ್ಣೆ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಹೊಕ್ಕಿದೆ. ನೀಲಿ ಹೊಗೆಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ನಮ್ಮ ಮಾದರಿ ಕಪ್ಪು ಹೊಗೆಯನ್ನೇ ಉಗುಳುತ್ತಿತ್ತು. ಒಂದು ಲೀಟರ್ ಡೀಸೆಲ್ ಉರಿಯಲು ಹತ್ತಿರ ಹತ್ತಿರ 10,000 ಲೀಟರ್ ಗಾಳಿ ಬೇಕೆಂಬ ಲೆಕ್ಕ ಹಿಡಿದರೆ, ವಾಡಿ ಪಂಥವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಫಿಲ್ಟರನ್ನು ಬಿಸಿಲಿಗೆ ಹಿಡಿದಾಗ ಆಚೆಯ ಬೆಳಕು ಈಚೆಗೆ ಬರಲಿಲ್ಲ.

ಇನ್ನು ಪ್ರಯೋಗ. ಉಸ್ತಾದರು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬ್ಲಾಕಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. “ಮೂರನೇದ್ದು” ಎಂದರು. ಶಿಷ್ಯ ಪಾನಾ ಹಿಡಿದು, ಇಂಜಿನ್ ನಡೆಯುತ್ತಿರುವಾಗಲೇ, ಒಂದೊಂದಾಗಿ ನಾಜಲ್ ಪೈಪಿನ ನಟ್ ಸಡಿಲಿಸುತ್ತ ಹೋದ. ಮೊದಲನೆಯದು: ಇಂಜಿನ್ ಕುಂಟಿತು, ಬಡಿತ ಹಾಗೇ ಇತ್ತು. ಎರಡನೆಯದು: ಅದೇ ಕಥೆ. ಮೂರನೆಯದು: ಬಡಿತ ನಿಂತಿತು. ಈಗ ಅನುಮಾನ ಎರಡೇ: ಆ ಸಿಲಿಂಡರಿನ ಬೇರಿಂಗೋ, ನಾಜಲ್ಲೋ? ಉಸ್ತಾದರು ಒಂದನೇ ನಾಜಲನ್ನು ಮೂರಕ್ಕೂ ಮೂರನೆಯದನ್ನು ಒಂದಕ್ಕೂ ಅದಲುಬದಲು ಮಾಡಿ ಮತ್ತೆ ಚಾಲೂ ಮಾಡಿದರು. ಬಡಿತ ನಾಜಲ್ ಬೆನ್ನು ಹತ್ತಿ ಒಂದನೇ ಸಿಲಿಂಡರಿಗೆ ಬಂದಿತ್ತು. ಬೇರಿಂಗ್ ನಿರ್ದೋಷಿ. ಗಣಿಗಾರಿಕೆಗೆ ಸಜ್ಜಾಗಿದ್ದ ಶಹಾಬಾದ್ ಪಂಥಕ್ಕೆ ಇದರಷ್ಟು ದೊಡ್ಡ ಸೋಲು ಬೇರೆ ಇಲ್ಲ. (ಕಾಮನ್ ರೇಲ್ ಇರುವ ಹೊಸ ಇಂಜಿನ್ನಿನಲ್ಲಿ ನಟ್ ಸಡಿಲಿಸುವ ಈ ಸಾಹಸ ನಿಷಿದ್ಧ. ಅಲ್ಲಿಯ ಒತ್ತಡದ ಎಣ್ಣೆ ಚರ್ಮವನ್ನೇ ತೂರಿ ಒಳಹೋಗುತ್ತದೆ.)

ಹೀಗೆ ನಾಜಲ್ಲಿಗೂ ಫಿಲ್ಟರಿಗೂ ತೀರ್ಪು ಸಿಕ್ಕಿತು. ಎರಡೂ ಹೊಸದಾಗಿ ಬಂದವು. ಖಾಲಿ ಗಾಡಿ ಕುದುರೆಯಂತೆ ಓಡಿತು. ಲೋಡಾದ ಮರುದಿನ ಫೋನ್ ಬಂತು: “ಮತ್ತ ಬಡೀಲತ್ತದ್ರಿ.”

ತೃತೀಯ ಪರಿಚ್ಛೇದ: ಅರ್ಥವಿಚಾರ, ಅಂದರೆ ರೊಕ್ಕದ ವಿಚಾರ

ಚಿತ್ತಾಪುರ ತಾಲೂಕಿನ ಸನ್ನತಿ ಸಮೀಪದ ಕನಗನಹಳ್ಳಿಯಲ್ಲಿ ಶಿಲ್ಪಿ ಅಶೋಕನ ಮೂರ್ತಿ ಕೆತ್ತಿ, ನೋಡಿದವರಿಗೆ ಸಂಶಯ ಬಾರದಿರಲೆಂದು ಅಲ್ಲೇ ರಾಜನ ಹೆಸರನ್ನೂ ಕೊರೆದಿಟ್ಟ. ಸರಕುಗಾಡಿಯ ಮೈಮೇಲೂ ಇಂಥದೊಂದು ಬರಹವಿರುತ್ತದೆ: ಖಾಲಿ ಗಾಡಿಯ ತೂಕ, ಲೋಡ್ ಸಹಿತ ತೂಕ. ನಮ್ಮ ಮಾದರಿಯಲ್ಲಿ ಆ ಅಂಕಿಗಳ ಮೇಲೆ ‘ತಾಯಿಯ ಆಶೀರ್ವಾದ’ ಎಂಬ ಎರಡನೇ ಕಾಲದ ಬರಹ ಬಿದ್ದಿದೆ. ಆದ್ದರಿಂದ ಈ ಲೇಖಕನು ಆರ್‌ಸಿ ಪುಸ್ತಕದ ಮೊರೆಹೋಗಬೇಕಾಯಿತು. ಒಂದು ತೂಕದಿಂದ ಇನ್ನೊಂದನ್ನು ಕಳೆದರೆ ಉಳಿಯುವುದು 1,250 ಕೆಜಿ.

ಎರಡಡಿ ಚೌಕದ, ಒಂದು ಅಂಗುಲ ದಪ್ಪದ ಶಹಾಬಾದ್ ಫರಸಿ ಒಂದರ ತೂಕ ಸುಮಾರು 25 ಕೆಜಿ. ಅಂದಮೇಲೆ 50 ಫರಸಿ, 200 ಚದರಡಿ ನೆಲ. ಸಿಮೆಂಟಾದರೆ 25 ಚೀಲ, ತೊಗರಿಯಾದರೆ ಹನ್ನೆರಡೂವರೆ ಕ್ವಿಂಟಲ್. ಎಷ್ಟು ಹಾಕುತ್ತೀರೆಂದು ಕೇಳಿದಾಗ ಹಿರಿಯಣ್ಣ, “ಜಾಸ್ತಿ ಏನಿಲ್ರಿ, ದೀಡ್ ಟನ್ ಇರಬೋದು” ಎಂದರು. ಡ್ರೈವರ್ ಸೀಟಿನ ಮೇಲಿನ ಸನ್‌ಶೇಡಿಗೆ ಸಿಕ್ಕಿಸಿದ ಕಾಟಾದ ಚೀಟಿಗಳ ಕಟ್ಟು ಸಿಕ್ಕಿತು. ನಿವ್ವಳ ತೂಕದ ಅಂಕಣದಲ್ಲಿ ಎರಡೂವರೆ ಟನ್ನಿಗಿಂತ ಕೆಳಗಿನ ಅಂಕಿ ಹುಡುಕಿದರೂ ಇಲ್ಲ.

ಇಲ್ಲಿಂದ ಐದೂ ಪಂಥಗಳ ದೋಷ ಒಂದೇ ಬೇರಿಗೆ ಬಂದು ಸೇರುತ್ತದೆ. ದುಪ್ಪಟ್ಟು ಹೊರೆ ಹೊತ್ತ ಗಾಡಿಯಲ್ಲಿ ಎಕ್ಸಲರೇಟರ್ ನೆಲಕ್ಕೆ ಅಂಟಿರುತ್ತದೆ. ಪಂಪು ತನ್ನಲ್ಲಿರುವಷ್ಟೂ ಎಣ್ಣೆ ಕಳಿಸುತ್ತದೆ, ಗಾಳಿ ಇದ್ದಷ್ಟೇ ಇರುತ್ತದೆ, ಉರಿಯದ ಎಣ್ಣೆ ಮಸಿಯಾಗಿ ನಾಜಲಿನ ಬಾಯಿಗೆ ಕಟ್ಟಿಕೊಳ್ಳುತ್ತದೆ. ಬಾಯಿ ಕೆಟ್ಟ ನಾಜಲ್ ತೊಟ್ಟಿಕ್ಕುತ್ತದೆ, ಬಡಿಯುತ್ತದೆ. ಬಿಸಿಯೇರಿ ಆಯಿಲ್ ತೆಳುವಾಗುತ್ತದೆ, ಬೇರಿಂಗ್ ಸವೆಯುತ್ತದೆ. ಗುಡ್ಡದಲ್ಲಿ ಎರಡನೇ ಗೇರಿಗೆ ಇಳಿದರೆ ಡೀಸೆಲ್ ಲೆಕ್ಕ ತಪ್ಪುತ್ತದೆಂದು ಡ್ರೈವರ್ ನಾಲ್ಕರಲ್ಲೇ ಎಳೆಸುತ್ತಾನೆ. ಅಂದರೆ ಹೊಸ ನಾಜಲ್ ಹಾಕಿದ್ದು ಹಳೆಯ ರೋಗಕ್ಕೆ ಹೊಸ ಆಹಾರ ಕೊಟ್ಟಂತಾಯಿತಷ್ಟೆ.

ಇಷ್ಟು ಕಣ್ಣಿಗೆ ಕಾಣುವ ಕಾರಣ ಐದು ಊರುಗಳಲ್ಲಿ ಯಾರ ಬಾಯಲ್ಲೂ ಬಾರದಿರುವುದಕ್ಕೆ ಅಜ್ಞಾನ ಕಾರಣವಲ್ಲ, ಅರ್ಥಶಾಸ್ತ್ರ ಕಾರಣ. ಬಾಡಿಗೆ ಟ್ರಿಪ್ಪಿನ ಲೆಕ್ಕ. 100 ಫರಸಿಗೆ ಎರಡು ಟ್ರಿಪ್ ಹೊಡೆದರೆ ಡೀಸೆಲ್ಲಿಗೇ ಬಾಡಿಗೆ ಹೋಗುತ್ತದೆ. ಮನೆ ಕಟ್ಟಿಸುವವನು ಎರಡನೇ ಟ್ರಿಪ್ಪಿನ ದುಡ್ಡು ಕೊಡುವುದಿಲ್ಲ. ಉಸ್ತಾದರು ಲೋಡ್ ಕಡಿಮೆ ಮಾಡಿ ಎಂದರೆ ಬಿಲ್ಲು ಹಾಕಲು ಬರುವುದಿಲ್ಲ. ಡ್ರೈವರ್ ಹೇಳಿದರೆ ನಾಳೆ ಬೇರೆ ಡ್ರೈವರ್. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಹೊರೆಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಆದರೆ ಅದು ಸಿಕ್ಕಿಬಿದ್ದ ದಿನದ ಖರ್ಚು. ನಾಜಲ್ ಪ್ರತಿ ಹಂಗಾಮಿನ ಖರ್ಚು. ಎರಡನ್ನೂ ಕೂಡಿಸಿ ಲಾಭದಿಂದ ಕಳೆಯುವ ಪದ್ಧತಿ ಈ ಉದ್ಯಮದಲ್ಲಿ ರೂಢಿಯಲ್ಲಿಲ್ಲ. ಹೀಗಾಗಿ ಎಲ್ಲರೂ ಸೇರಿ ಗಾಡಿಯ ಒಳಗೆ ಹುಡುಕುತ್ತಾರೆ, ಗಾಡಿಯ ಹಿಂದಿನ ಡಾಲಾ ಕಡೆ ಯಾರೂ ತಿರುಗುವುದಿಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ಓದಿದವರ ಫಿಲ್ಟರ್ ಶುದ್ಧವಾಗಲಿ, ಕೇಳಿದವರ ನಾಜಲ್ ನೆಟ್ಟಗಿರಲಿ. ಇದನ್ನು ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದವರಿಗೆ ಉಸ್ತಾದರ ಕೃಪೆ ತಪ್ಪುವುದು ಖಚಿತ.

ಅಂತಿಮ ಕರಡನ್ನು ನಾಲ್ವರು ಮಾಲಕರ ಮುಂದೆ ಓದಲಾಯಿತು. ಚೀಟಿಯ ಅಂಕಿ ಬಂದಾಗ ತಮ್ಮಂದಿರು ಹಿರಿಯಣ್ಣನ ಮುಖ ನೋಡಿದರು. ಹಿರಿಯಣ್ಣ ಬಹಳ ಹೊತ್ತು ತಲೆಯಾಡಿಸಿ, “ಖರೇ ಅದ್ರಿ ಸರ, ಲೋಡೇ ಕಾರಣ” ಎಂದು ಒಪ್ಪಿಕೊಂಡರು. ಐದು ಪಂಥಗಳಿಗೂ ದಕ್ಕದ ಸತ್ಯ ಮಾಲಕರ ಬಾಯಿಂದಲೇ ಬಂತೆಂದು ಲೇಖಕನು ಹಿಗ್ಗುವಷ್ಟರಲ್ಲಿ ಅವರು ಸಣ್ಣ ತಮ್ಮನ ಕಡೆ ತಿರುಗಿ, “ನಾಳಿ ಗಾಡಿ ಒಯ್ದು ಕಮಾನಿಗೆ ಇನ್ನೆರಡು ಪ್ಲೇಟ್ ಹಾಕಿಸಿಬಿಡು” ಎಂದು ಅಪ್ಪಣೆ ಕೊಡಿಸಿದರು. ಕಮಾನು ಮುರಿಯುವ ಕುರಿತಾದ ಮುಂದಿನ ಪ್ರಬಂಧಕ್ಕೆ ಸಾಮಗ್ರಿ ಸಂಗ್ರಹ ಆರಂಭವಾಗಿದೆ.