ದಸರಾ ರಜೆಗೊಂದು ದೆವ್ವ ಬೇಕಾಗಿದೆ

ದೆವ್ವದ ಸಿನಿಮಾ ನೋಡೋಕೆ ಗುಂಡಿಗೆ ಬೇಕು ಅನ್ನುತ್ತಾರೆ. ಶುದ್ಧ ಸುಳ್ಳು. ನೋಡುವುದೇನು, ಕಣ್ಣು ಮುಚ್ಚಿಕೊಂಡೂ ನೋಡಬಹುದು. ಗುಂಡಿಗೆ ಬೇಕಿರುವುದು ಮೂರು ತಲೆಮಾರು ಒಂದೇ ಟೀವಿ ಮುಂದೆ ಕೂತಾಗ ಯಾವ ದೆವ್ವವನ್ನು ಕರೆಸಬೇಕು ಎಂದು ತೀರ್ಮಾನಿಸುವುದಕ್ಕೆ.

ದಸರಾ ರಜೆ ಬಿಟ್ಟರೆ ಸಾಕು, ಹರಿಹರದಿಂದ ಅಕ್ಕನ ಮಕ್ಕಳು ದಾವಣಗೆರೆಗೆ ಬಂದಿಳಿಯುತ್ತಾರೆ. ನಡುವೆ ಇರುವುದು ಸುಮಾರು 14 ಕಿಲೋಮೀಟರು, ದೊಡ್ಡಬಾತಿ ದಾಟಿದರೆ ಊರು ಬಂದ ಹಾಗೇ. ಬ್ಯಾಗು ನೋಡಿದರೆ ಮಾತ್ರ ಅಮೆರಿಕಕ್ಕೆ ಹೊರಟವರ ಹಾಗಿರುತ್ತದೆ. ಅಳಿಯ ಪಿಯುಸಿ, ಸೊಸೆ ಡಿಗ್ರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಅವರ ದೊಡ್ಡಪ್ಪನ ಮಕ್ಕಳು ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಅಂತ ಬಿಳಿ ಬೆಡ್‌ಶೀಟು ಹೊದ್ದು ಮನೆಮನೆಗೆ ಹೋಗಿ ಚಾಕಲೇಟು ವಸೂಲಿ ಮಾಡಿದ ಫೋಟೊ ಇವರ ಹೊಟ್ಟೆ ಉರಿಸಿದೆ. ನಮಗೂ ಒಂದು ಭಯದ ಹಬ್ಬ ಬೇಕು, ಕಡೇಪಕ್ಷ ರಜೆಪೂರ್ತಿ ಹಾರರ್ ಸಿನಿಮಾ ಬೇಕು ಎಂಬುದು ಬೇಡಿಕೆ.

ಭಯದ ಹಬ್ಬ ನಮಗಿಲ್ಲ ಅಂತ ಹೇಳಿದವರ್ಯಾರು? ಪಕ್ಷಮಾಸವೆಲ್ಲ ಸತ್ತವರದ್ದೇ. ಮಹಾಲಯ ಅಮಾವಾಸ್ಯೆಗೆ ಅವರಿಗೆ ಹೊಟ್ಟೆತುಂಬ ಎಡೆ ಇಟ್ಟು ಕಳಿಸಿದ ಮರುದಿನವೇ ದೇವಿ ಬಂದು ರಾಕ್ಷಸರ ಲೆಕ್ಕ ಚುಕ್ತಾ ಮಾಡಲು ನಿಲ್ಲುತ್ತಾಳೆ. ಅಮೆರಿಕದವರು ಕುಂಬಳಕಾಯಿಗೆ ಕಣ್ಣು ಮೂಗು ಕೆತ್ತಿ ಬಾಗಿಲಲ್ಲಿ ಇಡುತ್ತಾರೆ. ನಾವು ಆಯುಧ ಪೂಜೆಗೆ ಬೂದಗುಂಬಳದ ಹೊಟ್ಟೆಗೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುತ್ತೇವೆ. ಅವತ್ತು ಸಂಜೆ ಪಿ.ಬಿ. ರಸ್ತೆಯಲ್ಲಿ ಬೈಕು ಓಡಿಸಿದವನಿಗೆ ಬೇರೆ ಹಾರರ್ ಬೇಕಾಗುವುದಿಲ್ಲ.

ಮೊದಲ ಆಕ್ಷೇಪ ಅವ್ವನಿಂದಲೇ ಬಂತು. ಬಾಳೆ ಎಲೆ ಮೇಲೆ ಅಪ್ಪನಿಗೆ ಎಡೆ ಇಟ್ಟಿದ್ದಳು. ಹೋಳಿಗೆ, ಕಟ್ಟಿನ ಸಾರು, ಅನ್ನ, ಪಕ್ಕಕ್ಕೆ ಒಂದು ಹಿಡಿ ಒಗ್ಗರಣೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜಿ, ಎಲೆಯ ತುದಿಗೆ ಒಂದು ಕಟ್ಟು ಬೀಡಿ. ಹತ್ತಿ ಗಿರಣಿಯ ಎರಡನೇ ಪಾಳಿ ಮುಗಿಸಿ ಬರುತ್ತಿದ್ದ ಮನುಷ್ಯ, ಬೆಂಕಿಪೊಟ್ಟಣ ಮರೆತರೆ ಸಿಟ್ಟಾಗುತ್ತಾರೆಂದು ಅದನ್ನೂ ಇಟ್ಟಳು. ಅಷ್ಟರಲ್ಲಿ ಅಳಿಯ ರಿಮೋಟು ಕೈಗೆತ್ತಿಕೊಂಡ.

“ಇವತ್ತು ಬ್ಯಾಡಪ್ಪ. ನಿಮ್ಮಜ್ಜ ಉಣ್ಣಾಕೆ ಬರೋ ಹೊತ್ತು. ಟೀವಿಯಾಗೆ ದೆವ್ವ ಹಾಕ್ಕೊಂಡು ಕುಂತೀರಂದ್ರೆ, ತಮ್ಮನ್ನ ನೋಡೇ ಆಡ್ಕಳ್ತಾರೆ ಅನ್ಕಳ್ಳಲ್ವಾ?”

ಇಂಥ ಸೂಕ್ಷ್ಮಕ್ಕೆ ಯಾರೂ ಎದುರಾಡಲಾಗಲಿಲ್ಲ. ದೆವ್ವಕ್ಕೆ ಒಂದು ದಿನದ ಮಟ್ಟಿಗೆ ತಡೆಯಾಜ್ಞೆ ಸಿಕ್ಕಿತು.

ಮರುದಿನ ಅಳಿಯ 2013ರ ‘ಕಂಜುರಿಂಗ್’ ಹೆಸರೆತ್ತಿದ. “ನಡೆದ ಕಥೆ ಮಾಮ, ನಿಜವಾಗ್ಲೂ.” ಸೊಸೆ 1973ರ ‘ಎಕ್ಸಾರ್ಸಿಸ್ಟ್’ ಅಂದಳು. ಅವ್ವ ಎರಡರ ಕಥೆಯನ್ನೂ ಕೂರಿಸಿಕೊಂಡು ಕೇಳಿದಳು. ಯಾವುದೇ ದೆವ್ವದ ಬಗ್ಗೆ ಅವಳದು ಒಂದೇ ಪ್ರಶ್ನೆ: ಅದಕ್ಕೇನು ಅನ್ಯಾಯ ಆಗಿತ್ತು? ಕಾರಣವಿಲ್ಲದೆ ಕಾಡುವ ದೆವ್ವವನ್ನು ಅವಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಎಕ್ಸಾರ್ಸಿಸ್ಟ್’ ಆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯಿತು.

“ಏನೂ ಅರೀದ ಹುಡುಗಿ ಮೈಮ್ಯಾಗೆ ಯಾಕೆ ಬಂತದು? ಎಲ್ಲಾ ಬಿಟ್ಟು ಇಬ್ರು ಪಾದ್ರಿ ಬ್ಯಾರೆ ಸತ್ರಾ? ಉಕ್ಕಡಗಾತ್ರಿಗೆ ಕರ್ಕಂಬಂದಿದ್ರೆ ಒಂದು ಅಮಾಸಿಗೆ ಮುಗೀತಿತ್ತು.”

ಉಕ್ಕಡಗಾತ್ರಿ ಇರುವುದು ಹರಿಹರ ತಾಲ್ಲೂಕಿನಲ್ಲೇ, ತುಂಗಭದ್ರೆಯ ದಂಡೆಗೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ನಮ್ಮ ಸೀಮೆಯ ದೆವ್ವಗಳಿಗೆಲ್ಲ ಅದೇ ಹೈಕೋರ್ಟು. ಅಮಾವಾಸ್ಯೆ ಬಂತೆಂದರೆ ಆ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೈಮೇಲೆ ಬಂದವರನ್ನು ಇಬ್ಬರು ಹಿಡಿದುಕೊಂಡು ನಿಂತಿರುತ್ತಾರೆ, ಕಂಡಕ್ಟರು ಮೂವರಿಗೂ ಟಿಕೆಟ್ ಹರಿಯುತ್ತಾನೆ, ದೆವ್ವಕ್ಕೆ ಮಾತ್ರ ಫ್ರೀ. ವರ್ಷವೆಲ್ಲ ಬಾಯಿ ಬಿಡದ ಸೊಸೆ ಅಲ್ಲಿ ಅತ್ತೆಯನ್ನು ಏಕವಚನದಲ್ಲಿ ಜಾಡಿಸುವುದನ್ನು ನಾನೇ ನೋಡಿದ್ದೇನೆ. ಅತ್ತೆ ಕೈಮುಗಿದು ಕೇಳುತ್ತಿದ್ದಳು. ಡಾಕ್ಟರ ಬಳಿ ಹೋಗಬೇಕಾದ ಕಾಯಿಲೆಗಳೂ ಆ ಬಸ್ಸು ಹತ್ತುತ್ತವೆ, ಅದು ನಿಜ. ಆದರೆ ಕೆಲವರಿಗೆ ಮಾತಾಡಲು ಬೇರೆ ವೇದಿಕೆಯೂ ಇರಲಿಲ್ಲವೇನೋ. ಇದನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತ ಬೆಳೆದ ಹರಿಹರದ ಹುಡುಗರನ್ನು ಹಾಲಿವುಡ್ಡಿನ ಮೇಕಪ್ಪು ಹೆದರಿಸಬೇಕೆಂದರೆ ಸ್ವಲ್ಪ ಕಷ್ಟವೇ.

ನನ್ನ ಓಟು ಕನ್ನಡಕ್ಕೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ದೆವ್ವ ಹಿಡಿಯುವುದು ಗಂಡಸಿಗೆ, ಅದೂ ಅನಂತನಾಗ್‌ಗೆ. ಸುಂದರ ಗಂಡನನ್ನು ಬಿಡಿಸಿಕೊಳ್ಳಲು ಲಕ್ಷ್ಮಿ ರಾಯರ ಮೊರೆ ಹೋಗುತ್ತಾಳೆ. ಅವ್ವನಿಗೆ ಈ ಚಿತ್ರದಲ್ಲಿ ಎಲ್ಲವೂ ಒಪ್ಪಿಗೆ: ದೆವ್ವಕ್ಕೆ ಕಾರಣವಿದೆ, ಹೆಂಡತಿಗೆ ಭಕ್ತಿಯಿದೆ, ರಾಯರ ಮಂತ್ರಾಲಯವೂ ನಮ್ಮ ತುಂಗಭದ್ರೆಯ ದಂಡೆಗೇ ಇದೆ. ಉಕ್ಕಡಗಾತ್ರಿಯಲ್ಲಿ ಬಗೆಹರಿಯದ ಕೇಸು ನದಿಗುಂಟ ಕೆಳಗೆ ಹೋದರೆ ಅಲ್ಲಿ ತೀರ್ಮಾನವಾಗುತ್ತದೆ ಅಂತ ಅವಳ ಲೆಕ್ಕ. ಆಗೆಲ್ಲ ಇಂಥ ಸಿನಿಮಾ ನೋಡುವುದೆಂದರೆ ರಾತ್ರಿ ಆಟವೇ. ವಾಪಸು ಬರುವಾಗ ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಹಾಕಿರುತ್ತಿತ್ತು. ಗೂಡ್ಸು ಗಾಡಿ ಡಬ್ಬಿ ಡಬ್ಬಿಯಾಗಿ ಹೋಗುವವರೆಗೆ ಕತ್ತಲಲ್ಲಿ ಪಕ್ಕ ನಿಂತ ಸೀರೆಯುಟ್ಟ ಅಪರಿಚಿತರ ಪಾದ ಮುಂದಕ್ಕಿದೆಯೋ ಹಿಂದಕ್ಕಿದೆಯೋ ಎಂದು ಬಗ್ಗಿ ಪರೀಕ್ಷಿಸುವ ಕೆಲಸ. ಹಾಗೆ ಬಗ್ಗಿದ ಗೆಳೆಯನೊಬ್ಬನಿಗೆ ಬೈಗುಳ ಬಿದ್ದಾಗಲೇ ಅವಳು ಮನುಷ್ಯಳೆಂದು ನಮಗೆ ಖಾತ್ರಿಯಾದದ್ದು. ಈಗ ಸೋಫಾದ ಮೇಲೆ ಕಂಬಳಿ ಹೊದ್ದು, ಹೆದರಿಕೆಯಾದರೆ ಪಾಜ಼್ ಒತ್ತುವ ಮಕ್ಕಳಿಗೆ ಆ ಗೇಟನ್ನು ಎಲ್ಲಿಂದ ತರಲಿ?

ಅಳಿಯನಿಗೆ ‘ಆಪ್ತಮಿತ್ರ’ ಬೇಡ. “ಅದರಾಗೆ ದೆವ್ವನೇ ಇಲ್ಲ ಮಾಮ, ಮನೋರೋಗ.” ಮಾತು ಸರಿ. ಆದರೆ 2004ರ ಆಗಸ್ಟಿನಲ್ಲಿ ಟಾಕೀಸಿನಲ್ಲಿ ಕೂತಿದ್ದವರಿಗೆ ಗೊತ್ತು. ಅದೇ ಏಪ್ರಿಲ್‌ನಲ್ಲಿ ಸೌಂದರ್ಯಾ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಇಲ್ಲದವಳು ತೆರೆಯ ಮೇಲೆ ಕಣ್ಣರಳಿಸಿ ಕುಣಿಯುತ್ತಿದ್ದಳು, ಮನೋವಿಜ್ಞಾನ ಎಷ್ಟು ಹೇಳಿದರೂ ಬೆನ್ನಹುರಿಗೆ ಕೇಳಿಸಲಿಲ್ಲ. ಮುಂದಿನ ಭಾಗ ‘ಆಪ್ತರಕ್ಷಕ’ 2010ರಲ್ಲಿ ಬಂದಾಗ ವಿಷ್ಣುವರ್ಧನ್ ಕೂಡ ಇರಲಿಲ್ಲ.

ಸೊಸೆ ಮಾತ್ರ ನಾನು ಎಂದೂ ಯೋಚಿಸದ ಒಂದು ಮಾತು ಹೇಳಿದಳು. “‘ಆಪ್ತಮಿತ್ರ’ ನಮ್ಮೂರ ಗುಹಾಸುರನ ಕಥೆ, ಮಾಮ.” ಹರಿಯೂ ಕೊಲ್ಲಬಾರದು, ಹರನೂ ಕೊಲ್ಲಬಾರದು ಎಂದು ವರ ಪಡೆದು ಮೆರೆಯುತ್ತಿದ್ದವನು ಗುಹಾಸುರ. ಇಬ್ಬರೂ ಒಂದೇ ಮೈಯಾಗಿ ಬಂದು ಮುಗಿಸಿದರು. ಹೊಯ್ಸಳರ ಪೊಲಾಳ್ವ ದಂಡನಾಥ 1224ರಲ್ಲಿ ಹರಿಹರೇಶ್ವರನಿಗೆ ಗುಡಿ ಕಟ್ಟಿಸಿದ. ಆ ಸಿನಿಮಾದ ನಾಗವಲ್ಲಿಯೂ ಅಷ್ಟೇ. ಡಾಕ್ಟರೊಬ್ಬನಿಂದಾಗಲಿಲ್ಲ, ಆಚಾರ್ಯರೊಬ್ಬರಿಂದಲೂ ಆಗಲಿಲ್ಲ. ಇಬ್ಬರೂ ಕೈಜೋಡಿಸಿದ ಮೇಲೆಯೇ ಅವಳು ಜಾಗ ಖಾಲಿ ಮಾಡಿದ್ದು. ಡಿಗ್ರಿ ಓದಿಸಿದ್ದು ದಂಡವಲ್ಲ ಎಂದು ಅವ್ವ ಮೊಮ್ಮಗಳ ನೆಟಿಗೆ ತೆಗೆದಳು.

ಭಾವನವರು ಮಕ್ಕಳನ್ನು ಕರೆದೊಯ್ಯಲು ಬಂದವರು ಬೆಣ್ಣೆದೋಸೆ ತಿಂದು ಉಳಿದೇ ಬಿಟ್ಟರು. ಹಾರರ್ ಅಂದರೆ ಮುಖದ ಮೇಲೆ ಟವೆಲ್ಲು ಎಳೆದುಕೊಳ್ಳುವ ಮನುಷ್ಯ. ಅವರ ಓಟು 2025ರ ‘ಸು ಫ್ರಮ್ ಸೋ’ಗೆ. ಅದರಲ್ಲಿ ದೆವ್ವ ಬಂದಿದೆಯೆಂಬುದೇ ಹುಡುಗನೊಬ್ಬ ಮಾನ ಉಳಿಸಿಕೊಳ್ಳಲು ಹೂಡಿದ ನಾಟಕ, ನಗುತ್ತಲೇ ನೋಡಬಹುದು. ಎಲ್ಲರೂ ಆಗಲೇ ನೋಡಿಯಾಗಿತ್ತು.

ಗಂಟು ಬಿಡಿಸಿದ್ದೂ ಅವ್ವನೇ. “ಆ ಕಂಜಿರಾನೋ ಎಂಥದೋ ಅಂದ್ಯಲ್ಲ, ಅದರ ದೆವ್ವಕ್ಕೇನು ತಕರಾರು?”

“ತನ್ನ ಜಮೀನು ತಗಂಡೋರಿಗೆಲ್ಲ ಶಾಪ ಹಾಕಿ ನೇಣು ಹಾಕ್ಕಂಡಿರ್ತಾಳೆ, ಅಜ್ಜಿ.”

ಅವ್ವ ಚಾಪೆಯಿಂದ ಎದ್ದು ಕುರ್ಚಿಗೆ ಬಂದಳು. “ಹೊಲದ ವ್ಯಾಜ್ಯ ಅನ್ನು! ಮೊದ್ಲೇ ಹೇಳಬಾರ್ದಾ? ಹಾಕು.”

ಹಾಕಿದೆವು. ಗೋಡೆಯ ಗಡಿಯಾರ ನಿಂತಿತು, ಬೀರುವಿನ ಮೇಲಿಂದ ಹೆಂಗಸು ಹಾರಿದಳು, ಭಾವ ಟವೆಲ್ಲಿನೊಳಗಿಂದ “ಹೋತಾ?” ಎಂದು ಕೇಳುತ್ತಲೇ ಇದ್ದರು. ಅವ್ವ ಮಾತ್ರ ತುದಿಗಾಲಲ್ಲಿದ್ದಳು. ಪಹಣಿ ಯಾರ ಹೆಸರಲ್ಲಿತ್ತು, ಖರೀದಿ ಮಾಡುವಾಗ ಈ ಪೆರಾನ್ ಎಂಬುವವನು ಹಿಂದಿನ ಕಾಗದಪತ್ರ ತೆಗೆಸಿ ನೋಡಲಿಲ್ಲವೇ, ಐದು ಹೆಣ್ಣುಮಕ್ಕಳ ತಂದೆಗೆ ಅಷ್ಟೂ ಬೇಡವೇ? ದೆವ್ವ ಬಿಟ್ಟು ಹೋಗಿ ಎಲ್ಲರೂ ಬಿಸಿಲಿಗೆ ಬಂದು ನಿಂತರೂ ಅವಳಿಗೆ ಸಮಾಧಾನವಿಲ್ಲ.

“ಅದು ಸರಿ, ಮನೆ ಕೊನೀಗೆ ಯಾರಿಗಾತು?”

ಅಳಿಯ ಮೊಬೈಲಿನಲ್ಲಿ ಹುಡುಕಿದ. ರೋಡ್ ಐಲೆಂಡಿನ ಆ ನಿಜವಾದ ತೋಟದ ಮನೆ 2022ರಲ್ಲಿ 15 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಗಿತ್ತು. ನಮ್ಮ ದುಡ್ಡಿನಲ್ಲಿ 11 ಕೋಟಿಗೂ ಮಿಕ್ಕಿ.

ಟವೆಲ್ಲು ನಿಧಾನಕ್ಕೆ ಕೆಳಗಿಳಿಯಿತು. ಹರಿಹರದ ಅಮರಾವತಿ ಕಡೆ ಭಾವನವರದೊಂದು ಸೈಟಿದೆ, ಎಷ್ಟು ದಿನದಿಂದ ಮಾರಲು ಹಾಕಿದ್ದರೂ ಕೇಳುವವರಿಲ್ಲ.

“ಅವ್ವಾರೇ,” ಅಂದರು ಭಾವ, “ಉಕ್ಕಡಗಾತ್ರಿಯಾಗೆ ಬಿಡಿಸಿದ ದೆವ್ವನೆಲ್ಲ ಆಮೇಲೆ ಎಲ್ಲಿ ಇಡ್ತಾರೆ?”